ಗಾಲಿಗೆ ಕಲ್ಲು ಕೊಡುವ ಕೆಲಸ

ಮದುವೆಯಾಗಿ ಅಜ್ಜಂಪುರದ ಪಕ್ಕದ ಹಳ್ಳಿಗೆ ಬಂದ ಮಾರನೆಯ ದಿನ ಅತ್ತೆ ನನಗೆ ಒಲೆ ತೋರಿಸಿದರು, ಕೊಟ್ಟಿಗೆ ತೋರಿಸಿದರು, ಆಮೇಲೆ ಅಂಗಳಕ್ಕೆ ಕರೆದುಕೊಂಡು ಹೋಗಿ ಒಂದು ಕಲ್ಲು ತೋರಿಸಿದರು. ಬೀಸುವ ಕಲ್ಲಲ್ಲ, ಅರೆಯುವ ಕಲ್ಲೂ ಅಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣಗಾದ ಕರಿಯ ಗುಂಡು.

"ಎತ್ತಕ್ಕಾಗುತ್ತೇನವ್ವ ನೋಡು" ಅಂದರು.

ಹೊಸ ಸೊಸೆ, ಆಗುವುದಿಲ್ಲ ಅನ್ನುವುದು ಹೇಗೆ? ಎತ್ತಿ ತೋರಿಸಿದೆ. ಎತ್ತಬಾರದಿತ್ತು. ಅವತ್ತಿನಿಂದ ಆ ಕೆಲಸ ನನ್ನ ಕುತ್ತಿಗೆಗೆ ಬಿತ್ತು.

ಕೆಲಸವೆಂದರೆ ಟ್ರಾಕ್ಟರಿನ ಗಾಲಿಗೆ ಕಲ್ಲು ಕೊಡುವುದು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು, ನಮ್ಮ ಕಡೆ ಟ್ರಾಕ್ಟರ್ ಇದ್ದ ಮನೆಗಳೇ ಅಪರೂಪ. ನಮ್ಮ ಯಜಮಾನರು ಚಿಕ್ಕಮಗಳೂರಿನ ಕಡೆಯ ಒಂದು ಕಾಫಿ ತೋಟದಿಂದ ಹಳೆಯದೊಂದನ್ನು ತಂದಿದ್ದರು. ಅದಕ್ಕೆ ಅವರಷ್ಟೇ ವಯಸ್ಸಾಗಿತ್ತು, ಅವರಿಗಿಂತ ಹೆಚ್ಚು ಹಟವಿತ್ತು. ಬ್ರೇಕು ಹೆಸರಿಗೆ ಮಾತ್ರ. ಬ್ಯಾಟರಿ ಇರಬೇಕಾದ ಜಾಗದಲ್ಲಿ ಒಂದು ಗೋಣಿಚೀಲ ಮಡಿಸಿಟ್ಟಿದ್ದರು. ಗೇರಿಗೆ ಹಾಕಿ ನಿಲ್ಲಿಸಿದರೂ ಯಾವುದೋ ಗಳಿಗೆಯಲ್ಲಿ 'ಟಕ್' ಎಂದು ಗೇರು ತಾನಾಗಿಯೇ ಬಿಟ್ಟುಕೊಳ್ಳುತ್ತಿತ್ತು. ಕಡೂರಿನಿಂದ ಕರೆಸಿದ ಮೆಕ್ಯಾನಿಕ್ ಸುತ್ತಲೂ ಒಂದು ಸಲ ನೋಡಿ, "ಇದರ ಸಾಮಾನು ಈಗೆಲ್ಲೂ ಸಿಗಲ್ಲ ಕಣ್ರೀ, ಓಡೋಷ್ಟು ದಿನ ಓಡಿಸ್ಕಳಿ" ಎಂದು ಹೇಳಿ ಕಾಫಿ ಕುಡಿದು ಹೋದ.

ಹೀಗಾಗಿ ಅದನ್ನು ಯಾವಾಗಲೂ ಇಳಿಜಾರಿನಲ್ಲೇ ನಿಲ್ಲಿಸಬೇಕಿತ್ತು. ದೊಡ್ಡ ಗಾಲಿಯ ಮುಂದಿನ ಕಲ್ಲು ತೆಗೆದರೆ ಉರುಳುತ್ತದೆ. ಉರುಳುತ್ತಿರುವಾಗ ಗೇರಿಗೆ ಹಾಕಿದರೆ ಇಂಜಿನ್ ಶುರುವಾಗುತ್ತದೆ. ಎಲ್ಲಿ ನಿಂತರೂ ತಕ್ಷಣ ಮತ್ತೆ ಕಲ್ಲು ಕೊಡಬೇಕು. ನಮ್ಮ ಮನೆಯ ಅಂಗಳ ರಸ್ತೆಯ ಕಡೆಗೆ ಇಳಿಜಾರಾಗಿತ್ತು. ಅದು ಟ್ರಾಕ್ಟರಿನ ಪುಣ್ಯ, ನನ್ನ ಕರ್ಮ.

ಉಳುವಷ್ಟು ಶಕ್ತಿ ಅದಕ್ಕಿರಲಿಲ್ಲ. ಗೊಬ್ಬರ ಸಾಗಿಸುವುದು, ನೀರಿನ ಡ್ರಮ್ಮು ಎಳೆಯುವುದು, ಕಣದಲ್ಲಿ ರಾಗಿ ತೆನೆಯ ಮೇಲೆ ಸುತ್ತು ಹಾಕುವುದು, ಇಂಥ ಬಿಡಿ ಕೆಲಸಕ್ಕೆ ಆಗುತ್ತಿತ್ತು. ಮಳೆಗಾಲ ಮುಗಿದ ಮೇಲೆ ಮಾತ್ರ ಅದರದೇ ದರ್ಬಾರು. ಎಮ್ಮೆದೊಡ್ಡಿಯ ದನ ಮೇಯುವ ಕಾವಲಿನಲ್ಲಿ ಬೆಳೆಯುತ್ತದಲ್ಲ, ಅಂಥ ಹುಲ್ಲು ನಮ್ಮ ದಿಬ್ಬದ ಜಮೀನಿನಲ್ಲೂ ಸೊಂಟದುದ್ದ ಬೆಳೆಯುತ್ತಿತ್ತು. ದನಗಳಿಗೆಂದೇ ಬಿಟ್ಟ ಜಾಗ. ಟ್ರಾಕ್ಟರಿನ ಪಕ್ಕಕ್ಕೆ ಹಲ್ಲಿರುವ ಉದ್ದನೆಯ ಪಟ್ಟಿ ಜೋಡಿಸಿ ಆ ಹುಲ್ಲು ಕೊಯ್ಯುತ್ತಿದ್ದೆವು. ಕೊಯ್ಯುತ್ತಿದ್ದವರು ಅವರು, ಕಲ್ಲು ಹೊತ್ತುಕೊಂಡು ಹಿಂದೆ ಓಡುತ್ತಿದ್ದವಳು ನಾನು.

ಆ ದಿನಗಳಲ್ಲಿ ನನಗೆ ಆಗುತ್ತಿದ್ದ ಭಯವನ್ನು ಹೇಗೆ ಹೇಳುವುದು? ಹುಲ್ಲಿನೊಳಗಿನಿಂದ ಗೌಜಲಹಕ್ಕಿ ಬುರ್ರನೆ ಎದ್ದರೂ ಎದೆ ಬಾಯಿಗೆ ಬರುತ್ತಿತ್ತು. ಒಳಗೆ ಗುಂಡಿ ಇದೆಯೋ, ಬಂಡೆ ಇದೆಯೋ, ಹಾವಿದೆಯೋ ಯಾರಿಗೆ ಗೊತ್ತು. ದಿಬ್ಬದ ಓರೆಯಲ್ಲಿ ಗಾಡಿ ಒಂದು ಕಡೆಗೆ ವಾಲಿದಾಗ ನಾನು ಅದರ ಎದುರು ಬದಿಗೆ ನಿಂತು ಮೈ ಬಿಗಿ ಹಿಡಿಯುತ್ತಿದ್ದೆ, ನನ್ನ ಬಿಗಿತಕ್ಕೆ ಅದು ನಿಲ್ಲುತ್ತದೆ ಅನ್ನುವ ಹಾಗೆ. ಎಲ್ಲಕ್ಕಿಂತ ಕೆಟ್ಟದ್ದು ಪಟ್ಟಿಯ ಹಲ್ಲಿಗೆ ಹುಲ್ಲು ಸಿಕ್ಕಿಕೊಂಡಾಗ. ಇಂಜಿನ್ ನಿಲ್ಲಿಸಿದರೆ ಮತ್ತೆ ಶುರು ಮಾಡುವುದು ಕಷ್ಟವೆಂದು ಹಾಗೇ ಬಿಟ್ಟು, "ಕಲ್ಲು ಕೊಡೇ" ಎಂದು ಕೂಗಿ, ಇವರು ಕೆಳಗಿಳಿದು ಹುಲ್ಲು ಕೀಳಲು ಹಲ್ಲಿನ ಸಂದಿಗೇ ಕೈ ಹಾಕುತ್ತಿದ್ದರು. ನಾನು ಕಲ್ಲಿನ ಮೇಲೆ ಕಾಲು ಊರಿ ನಿಂತು, ಅವರ ಬೆರಳುಗಳನ್ನೇ ನೋಡುತ್ತಾ, ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಿದ್ದೆ.

"ರೀ, ಇದು ಬೇಡ, ಮಾರಿಬಿಡಿ" ಅಂದರೆ ಒಂದೇ ಉತ್ತರ.

"ಏನೂ ಆಗಲ್ಲ, ಸುಮ್ನಿರೇ."

ಈ ಮನುಷ್ಯನಿಗೆ ದೇವರು ಭಯ ಅನ್ನುವುದನ್ನೇ ಇಟ್ಟಿಲ್ಲ, ಅದನ್ನೂ ಸೇರಿಸಿ ನನಗೇ ಕೊಟ್ಟಿದ್ದಾನೆ ಎಂದು ಬೈದುಕೊಳ್ಳುತ್ತಿದ್ದೆ. ಸಿಟ್ಟು ಬರುತ್ತಿತ್ತು. ಆದರೆ ಇವರಿಗೆ ಧೈರ್ಯ ಇದೆಯಲ್ಲ ಎಂದು ಒಳಗೊಳಗೇ ಒಂದು ಸಮಾಧಾನವೂ ಇತ್ತು.

ಹೀಗೆ ಮೂರ್ನಾಲ್ಕು ವರ್ಷ ನಡೆಯಿತು. ಆಮೇಲೆ ಒಂದು ಆಯುಧಪೂಜೆ ಬಂತು.

ಬೆಳಿಗ್ಗೆಯೇ ಟ್ರಾಕ್ಟರ್ ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿದ್ದರು. ಜಗಲಿಯ ಮೇಲೆ ಕುಡುಗೋಲು, ಗುದ್ದಲಿ, ಕೊಡಲಿ, ಬಾಚಿ ಎಲ್ಲವೂ ಸಾಲಾಗಿ ಕುಳಿತಿದ್ದವು. ದುಡಿಯುವುದೆಲ್ಲ ಆಯುಧವೇ ಎಂಬುದು ಅತ್ತೆಯ ಲೆಕ್ಕ. ಮೊರಕ್ಕೂ ಒನಕೆಗೂ ಅವರು ಬಿಡದೆ ವಿಭೂತಿ ಬಳಿಯುತ್ತಿದ್ದರು. ನಾನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ. ಹೊರಗಿನಿಂದ ಅತ್ತೆಯ ಮಾತು ಕೇಳಿಸಿತು.

"ವರ್ಷಾನುಗಟ್ಲೆ ದುಡಿದೈತೆ ಪಾಪ, ಒಂದಿನನಾದ್ರೂ ಪೂಜೆ ಬ್ಯಾಡ್ವೇನೋ?"

"ಆಗ್ಲಿ ತಗಳವ್ವ, ಗೇರಿಗೆ ಹಾಕಿದೀನಿ" ಎಂದರು ಇವರು.

ಎಣ್ಣೆ ಹೊಗೆಯಲ್ಲಿ ಆ ಮಾತು ನನ್ನ ತಲೆಗೆ ಇಳಿಯಲಿಲ್ಲ. ಎಡೆಯ ತಟ್ಟೆ ಹಿಡಿದು ಹೊಸ್ತಿಲು ದಾಟಿದೆ. ಜಗಲಿಯಲ್ಲಿ ಕೊಡಲಿಗೂ ಗುದ್ದಲಿಗೂ ನಡುವೆ ನನ್ನ ಕಲ್ಲು ಕುಳಿತಿತ್ತು. ತೊಳೆದು, ಮೂರು ಬೆರಳಿನ ವಿಭೂತಿ ಇಟ್ಟು, ಮೇಲೊಂದು ಹೂವು ಇಟ್ಟಿದ್ದರು. ನೋಡಲು ಲಕ್ಷಣವಾಗಿತ್ತು.

ಅಂಗಳದ ಕಡೆ ತಿರುಗಿದೆ. ಟ್ರಾಕ್ಟರಿನ ಎದುರಿಗೆ, ಇಳಿಜಾರಿನ ಕಡೆಗೆ, ಇವರು ಕುಕ್ಕರಗಾಲಿನಲ್ಲಿ ಕುಳಿತು ತಲೆ ಬಗ್ಗಿಸಿ ಮುಂದಿನ ಗಾಲಿಯ ಅಡಿಗೆ ನಿಂಬೆಹಣ್ಣು ಇಡುತ್ತಿದ್ದರು. ಅತ್ತೆ ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ಕರ್ಪೂರ ಹಚ್ಚುತ್ತಿದ್ದರು.

ಟಕ್ ಎಂದಿತು.

ಆ ಸದ್ದು ನನಗೆ ಗೊತ್ತಿದ್ದಷ್ಟು ಆ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. 'ರೀ' ಎಂದಿದ್ದರೆ ಇವರು ತಲೆ ಎತ್ತದೆ 'ತಡಿಯೇ' ಎನ್ನುತ್ತಿದ್ದರು. ನಾನು ಇವರ ಹೆಸರು ಹಿಡಿದು ಕೂಗಿದೆ. ಗಂಡನ ಹೆಸರು ಹೇಳಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ್ದ ಮನೆ ಅದು. ರೇಷನ್ ಕಾರ್ಡಿನವರು ಬಂದು ಕೇಳಿದರೂ ಪಕ್ಕದ ಮನೆಯವರಿಂದ ಹೇಳಿಸುತ್ತಿದ್ದೆ. ಇವರು ಬೆಚ್ಚಿ ಎದ್ದರು. ಅಪಾಯಕ್ಕಲ್ಲ, ಹೆಸರಿಗೆ. ಇದ್ಯಾರು ಕರೆದದ್ದು ಎಂದು ಆಶ್ಚರ್ಯದಿಂದ ನನ್ನ ಕಡೆಗೆ ಎರಡು ಹೆಜ್ಜೆ ಬಂದರು. ಅವರ ಪಂಚೆಯನ್ನು ಸವರಿಕೊಂಡು ಟ್ರಾಕ್ಟರ್ ಹೋಯಿತು. ಸದ್ದಿಲ್ಲದೆ, ಬಾಳೆಕಂದು ಅಲ್ಲಾಡಿಸುತ್ತಾ ಅಂಗಳ ಇಳಿಯಿತು, ರಸ್ತೆ ದಾಟಿತು, ಹುಣಸೆಮರಕ್ಕೆ ಗುದ್ದಿ ನಿಂತಿತು. ನಿಂಬೆಹಣ್ಣು ಮಾತ್ರ ಶಾಸ್ತ್ರಕ್ಕೆ ಸರಿಯಾಗಿ ಅಪ್ಪಚ್ಚಿಯಾಗಿತ್ತು.

ಅತ್ತೆ ಉರಿಯುತ್ತಿದ್ದ ಆರತಿ ತಟ್ಟೆಯನ್ನು ನೆಲಕ್ಕಿಟ್ಟು ಅಲ್ಲೇ ಕುಸಿದು ಕುಳಿತರು. ಹೆಸರು ಹಿಡಿದದ್ದಕ್ಕೆ ಬೈಯುತ್ತಾರೆ ಎಂದುಕೊಂಡೆ.

"ಗಟ್ಟಿಯಾಗ್ ಕೂಗ್ದೆ ಕಣವ್ವ" ಎಂದರು ಕೊನೆಗೆ. "ಹಂಗೇ ಕೂಗ್ಬೇಕು."

ನನಗೆ ಅಳು ಬಂತು. ಹೋಳಿಗೆ ತಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಇಷ್ಟಾದ ಮೇಲಾದರೂ ಆ ಪೀಡೆ ತೊಲಗುತ್ತದೆ ಎಂದು ನಾನು ಎಣಿಸಿದ್ದು ತಪ್ಪಾಯಿತು. ದಿಬ್ಬದ ಮೇಲೆ ಹುಲ್ಲು ಒಣಗುತ್ತಿತ್ತು, ದನಗಳಿಗೆ ಬೇಸಿಗೆಗೆ ಅದೇ ಆಧಾರ. ಅದೇ ಮೆಕ್ಯಾನಿಕ್ ಬಂದು ಸೊಟ್ಟಗಾದ ಮುಂಭಾಗ ಬಡಿದು ನೆಟ್ಟಗೆ ಮಾಡಿ ಕೊಟ್ಟು ಹೋದ. ನಾನು ಮತ್ತೆ ಬೇಡವೆಂದೆ. ಇವರು ಮತ್ತೆ "ಏನೂ ಆಗಲ್ಲ, ಸುಮ್ನಿರೇ" ಎಂದರು.

ಒಂದು ಬೆಳಿಗ್ಗೆ ಹುಲ್ಲಿಗೆ ಹೊರಟೆವು. ಇವರು ಹತ್ತಿ ಕುಳಿತು, "ತೆಗಿಯೇ" ಎಂದರು. ಬೇರೆ ದಿನವಾಗಿದ್ದರೆ ನಾನು ಆ ಹೊತ್ತಿಗೆ ಗಾಲಿಯ ಹತ್ತಿರ ಬಗ್ಗಿರುತ್ತಿದ್ದೆ, ನನಗೆ ನೆಲ ಬಿಟ್ಟು ಬೇರೇನೂ ಕಾಣಿಸುತ್ತಿರಲಿಲ್ಲ. ಅವತ್ತು ಬಗ್ಗಲು ಮನಸ್ಸು ಬರದೆ, ಜಗಳವಾಡುವುದಕ್ಕೆಂದೇ ಇವರ ಎದುರಿಗೆ ನಿಂತೆ. ಸ್ಟೇರಿಂಗ್ ಮೇಲೆ ಇವರ ಕೈಗಳಿದ್ದವು. ಎರಡೂ ಗಡಗಡ ನಡುಗುತ್ತಿದ್ದವು. ಹುಲ್ಲು ಕೊಯ್ಯುವಾಗ ಆ ಕೈಗಳನ್ನು ಎಷ್ಟೋ ಸಲ ಹಾಗೆಯೇ ನೋಡಿದ್ದೆ, ಇಂಜಿನ್ನಿನ ಅದುರು ಎಂದುಕೊಂಡಿದ್ದೆ.

ಇಂಜಿನ್ ಇನ್ನೂ ಶುರುವಾಗಿರಲಿಲ್ಲ.