ಪಕ್ಕದ ಮನೆಯ ಸೈಡ್‌ಬೋರ್ಡ್ ಬೆಳಗಿ ಕೊಟ್ಟದ್ದು

ಲಂಡನ್ನಿನ ಅಂಚಿನ ಕ್ರೋಯ್ಡನ್ನಿನಲ್ಲಿ ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ವೃದ್ಧರ ಕೇರ್ ಹೋಮಿಗೆ ಹೊರಟಾಗ ತನ್ನ ಊಟದ ಕೋಣೆಯಲ್ಲಿ ತಟ್ಟೆ-ಬಟ್ಟಲು ತುಂಬಿಡುವ ಕಪಾಟಾದ ಸೈಡ್‌ಬೋರ್ಡನ್ನು ನಮ್ಮ ವಶಕ್ಕೆ ಕೊಟ್ಟಳು. ಇಂಗ್ಲಿಷರಿಗೆ ಗ್ರೀಕರ ಶೈಲಿಯ ಮರುಳು ಹಿಡಿದಿದ್ದ ಕಾಲದ ಮಹಾಗನಿ ಮರದ್ದು: ಬಿಲ್ಲಿನಂತೆ ಬಾಗಿದ ಎದೆ, ಸಪೂರ ಕಾಲು, ಬಾಗಿಲ ಮೇಲೆ ತಿಳಿಬಣ್ಣದ ಮರ ಕೂರಿಸಿ ಮಾಡಿದ ಹೂಜಿಯ ಚಿತ್ರ. ಮೊಮ್ಮಗಳಿಗೊಂದು ಮನೆಯಾಗುವವರೆಗೆ ಇಟ್ಟುಕೊಳ್ಳಿ, ಧೂಳು ಒರೆಸಿ, ಮತ್ತೇನೂ ಮಾಡಬೇಡಿ ಎಂದಳು. ಮೇಲಿದ್ದ ಉಂಗುರದಂಥ ಒಂದು ಬಿಳಿ ಕಲೆ ತೋರಿಸಿ, ಸತ್ತ ಗಂಡ ದಿನಾ ಗ್ಲಾಸ್ ಇಡುತ್ತಿದ್ದ ಜಾಗ ಎಂದು ನಕ್ಕಳು. ಕಲೆಗಾಗಿ ಸಂಕೋಚಪಡುತ್ತಿದ್ದಾಳೆಂದು ನಾನು ತಿಳಿದೆ.

ಕಳೆದ ವಸಂತದಲ್ಲಿ ಮೊಮ್ಮಗಳು ಫ್ಲ್ಯಾಟ್ ಕೊಂಡಳು. ನನ್ನ ಹೆಂಡತಿ ಸೈಡ್‌ಬೋರ್ಡಿಗೆ ಒಂದು ಪ್ರದಕ್ಷಿಣೆ ಹಾಕಿದಳು.

"ಮಂದಿ ಡಬ್ಬಿ ತಂದ್ರ, ತಿಕ್ಕಿ ತೊಳೀಲಾರ್ದ ಹಂಗ ತಿರುಗಿ ಕೊಡ್ತೀವೇನ್ರಿ?"

ನಾವು ಧಾರವಾಡದವರು. ಎರವಲು ಪಾತ್ರೆಯನ್ನು ಬೆಳಗಿ, ಒಳಗೆ ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುವ ವಂಶ ನಮ್ಮದು. ಮೂವತ್ತು ವರ್ಷ ಹೊಟ್ಟೆ ಕೊಯ್ದು ಹೊಲಿದ ನನ್ನಂಥ ಸರ್ಜನ್ನನ ಕೈ ಒಂದು ಮರದ ಪೆಟ್ಟಿಗೆಗೆ ಹೆದರೀತೇ? ಉಪ್ಪುಕಾಗದ ಬಂತು, ಹಳೆಯ ಬಣ್ಣದ ಜೊತೆ ಆ ಬಿಳಿ ಉಂಗುರವೂ ಹೋಯಿತು, ವಾರ್ನಿಷ್ ಬಂತು. ಹಿತ್ತಾಳೆಯ ಹಿಡಿಕೆಗಳಿಗೆ ಹೆಂಡತಿ ಹುಣಸೆಹಣ್ಣಿನ ಉಪಚಾರ ಮಾಡಿದಳು. ಡ್ರಾಯರಿನಲ್ಲಿ ಬೇಸನ್ ಉಂಡಿ ತುಂಬಿದಳು. ನಾಲ್ಕು ದಿನದ ಶಸ್ತ್ರಚಿಕಿತ್ಸೆ ಮುಗಿದಾಗ ಅದರಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದಿತ್ತು. ನನಗೆ ಕೂದಲಿಲ್ಲದ್ದು ಬೇರೆ ಮಾತು.

ಮೊಮ್ಮಗಳು ವಿಮೆಗೆಂದು ಬೆಲೆ ಕಟ್ಟುವವನೊಬ್ಬನನ್ನು ಕರೆತಂದಳು. ಆತ ಮಂಡಿಯೂರಿ, ಟಾರ್ಚ್ ಬಿಟ್ಟು, ಡ್ರಾಯರಿನ ಜೋಡಣೆ ನೋಡಿ ಮೆಚ್ಚಿದ. ಎದ್ದು ಮೇಲ್ಭಾಗ ನೋಡಿದವನು ಟಾರ್ಚ್ ಆರಿಸಿದ. ಯಾವಾಗ ಕೆರೆದದ್ದು ಎಂದು ಕೇಳಿದ. ಹೋದ ವಾರ ಎಂದೆ. ಇನ್ನೂರು ವರ್ಷದ ಮೇಣ, ಹೊಗೆ, ಕೈಜಿಡ್ಡು ಸೇರಿ ಆದ ಬಣ್ಣವದು, ಇನ್ನು ಬರುವುದಿಲ್ಲ ಎಂದು ವಿವರಿಸಿದ, ರೋಗಿಯ ಕಡೆಯವರೊಡನೆ ನಾನು ಬಳಸುತ್ತಿದ್ದ ಅದೇ ಮೆದು ದನಿಯಲ್ಲಿ. ಹುಡುಗಿ ಉಂಗುರವಿದ್ದ ಕಡೆ ಬೆರಳಾಡಿಸಿದಳು. ಅಜ್ಜಿಗೆ ನೀವೇ ಹೇಳಿ, ಡಾಕ್ಟರಲ್ಲವೇ, ಕೆಟ್ಟ ಸುದ್ದಿ ಹೇಳಿ ಗೊತ್ತಲ್ಲ ಎಂದಳು.

ಕೇರ್ ಹೋಮಿಗೆ ಹೋದೆ. ಹವಾಮಾನದ ಬಗ್ಗೆ ಅರ್ಧ ಗಂಟೆ ಪ್ರವಚನ ಮಾಡಿದೆ. ಕೊನೆಗೆ ಅವಳೇ, ಸೈಡ್‌ಬೋರ್ಡ್ ನಿಮ್ಮ ಮನೆಯಿಂದ ಹೊರಟಾಗ ಹೇಗೆ ಕಾಣುತ್ತಿತ್ತು ಎಂದು ಕೇಳಿದಳು.

"ಥಳಥಳ ಹೊಳೀತಿತ್ತು," ಎಂದೆ.

ಅವಳು ನಗಲು ಹೊರಟು, ಅರ್ಧಕ್ಕೇ ನಿಂತಳು. ಆ ಸೈಡ್‌ಬೋರ್ಡ್ ಅವಳ ಆಯುಷ್ಯದಲ್ಲಿ ಎಂದೂ ಹೊಳೆದಿರಲಿಲ್ಲ. ಗಂಡನ ಗ್ಲಾಸಿನ ಉಂಗುರವೂ ಹೋಯಿತೆಂದು ಹೇಳಲು ನಾನು ವಾಕ್ಯ ಹುಡುಕುತ್ತಿದ್ದೆ. ಅವಳು ಶಾಲು ಸರಿಪಡಿಸಿಕೊಂಡು, ನಿಮ್ಮ ಹೆಂಡತಿಯ ಮಂಡಿನೋವು ಈಗ ಹೇಗಿದೆ ಎಂದು ಕೇಳಿದಳು.