ಗಜೇಂದ್ರಗಡದ ಬಸ್ಸಿನಲ್ಲಿ ಪೈಲ್ವಾನ

ಪೆನಿ... ಪೆನಿಯೇಲ್ ಅಂತಿರಬೇಕು, ನಮ್ಮ ಸತ್ಯವೇದ ಬೈಬಲಿನಲ್ಲಿ ಯಾಕೋಬ ಅಪರಿಚಿತನೊಬ್ಬನೊಂದಿಗೆ ಕುಸ್ತಿಯಾಡಿದ ಜಾಗ. ಕಾರವಾರದಲ್ಲಿ ಹುಡುಗಿಯಾಗಿದ್ದಾಗ ಕಲಿತ ಹೆಸರು, ಈಗ ನಾಲಿಗೆಗೆ ಸರಿಯಾಗಿ ಬರುವುದಿಲ್ಲ.

ಹೋದ ತಿಂಗಳು ರೋಣದಿಂದ ಗಜೇಂದ್ರಗಡಕ್ಕೆ ಮರಳುವಾಗ ಬಸ್ಸಿನಲ್ಲಿ ಒಬ್ಬ ಪೈಲ್ವಾನ ಕುಂಟುತ್ತ ಬಂದು ಪಕ್ಕದಲ್ಲಿ ಕುಳಿತ. ನನ್ನ ಮಡಿಲಲ್ಲಿದ್ದ ಸತ್ಯವೇದ ನೋಡಿ, "ಇದರಾಗ ಕುಸ್ತಿ ಐತೇನ್ರಿ ಅಜ್ಜಿ?" ಎಂದು ನಕ್ಕ.

"ಐತಪ್ಪ," ಎಂದು ಯಾಕೋಬನ ಕತೆ ತೆಗೆದೆ. ಆ ಅಪರಿಚಿತ ಸುಮ್ಮನೆ ತೊಡೆ ಮುಟ್ಟಿದ, ಯಾಕೋಬನ ಕೀಲು ತಪ್ಪಿತು ಎಂದೆ.

ಅವನ ನಗು ನಿಂತಿತು. "ನಿನ್ನೆ ನಸುಕಿನ್ಯಾಗ ನಮ್ಮ ಗರಡಿಗೂ ಒಬ್ಬಾಂವ ಬಂದಿದ್ನರಿ. ಮುಟ್ಟಿದ್ದಷ್ಟ, ಟೊಂಕ ಹೋತು. ಆದ್ರೂ ನಾ ಬಿಡಲಿಲ್ಲ. 'ಬೆಳಕ ಹರೀತು, ಬಿಡೋ' ಅಂದ. ಆಮ್ಯಾಲ ನೋಡಿದ್ರ ಮಣ್ಣಾಗ ನನ್ನ ಹೆಜ್ಜಿ ಅಷ್ಟ ಇದ್ದುವು."

ಬೆಳಕು ಹರಿಯಿತು, ಬಿಡು ಎಂದೇ ಯಾಕೋಬನಿಗೂ ಆ ಅಪರಿಚಿತ ಅಂದಿದ್ದ. ಆ ಭಾಗವನ್ನು ನಾನಿನ್ನೂ ಹೇಳಿರಲಿಲ್ಲ.

"ಇವತ್ತ ಸಂಜಿಗೆ ಗಜೇಂದ್ರಗಡದಾಗ ನನ್ನ ಕುಸ್ತಿ ಐತಿ. ಖರೇ ಹೇಳ್ರಿ, ನಿಮ್ಮ ಯಾಕೋಬ ಆಮ್ಯಾಲ ಮತ್ತ ಅಖಾಡಕ್ಕ ಇಳಿದ್ನೇನು?"

ಗೊತ್ತಿಲ್ಲ ಎಂದೆ. ಅವನು ಗಜೇಂದ್ರಗಡ ಬರುವ ಮೊದಲೇ ಮುಶಿಗೇರಿ ಕ್ರಾಸಿನಲ್ಲಿ ಇಳಿದು, ಬಂದ ದಾರಿಯಲ್ಲಿ ಕುಂಟುತ್ತ ಹಿಂದಕ್ಕೆ ಹೊರಟ.

ಇಷ್ಟು ವರ್ಷ ಈ ಕತೆ ಓದಿದ ನನಗೆ ಆ ಪ್ರಶ್ನೆ ಹೊಳೆದಿರಲೇ ಇಲ್ಲ. ಮನೆಗೆ ಬಂದು ಮೊಮ್ಮಗಳಿಗೆ ಹೇಳಿದೆ: "ಆ ಪ್ರಶ್ನೆಯನ್ನೊಂದು ಚೀಟಿಯಲ್ಲಿ ಬರೆದು ಕೊಡು ಮಗಳೇ, ಭಾನುವಾರ ಚರ್ಚಿನಲ್ಲಿ ಕೇಳುತ್ತೇನೆ, ಪಾದ್ರಿಗಳೂ ಸ್ವಲ್ಪ ಬೆವರಲಿ."