ಸಿದ್ರಾಮಪ್ಪನವರ ಉದ್ದ ಮೂಗಿನ ಗಾಡಿ

ಸಿದ್ರಾಮಪ್ಪನವರ ಕೊರಳಲ್ಲಿ ಲಿಂಗದ ಜೊತೆಗೆ ಯಾವಾಗಲೂ ಒಂದು ಟೇಪು ಜೋತಾಡುತ್ತಿತ್ತು, ದರ್ಜಿಗಳು ಹಾಕಿಕೊಳ್ಳುವಂಥದ್ದು. ಅವರು ದರ್ಜಿಯಲ್ಲ. ಆಳಂದದಲ್ಲಿ ಖಜೂರಿ ರಸ್ತೆಯ ಬದಿಗೆ ತಗಡಿನ ಶೆಡ್ ಹಾಕಿಕೊಂಡು ಲಾರಿ, ಜೀಪುಗಳ ಬಾಡಿ ಕಟ್ಟುತ್ತಿದ್ದರು, ನೆಗ್ಗಿದ್ದನ್ನು ಬಡಿದು ಸರಿಮಾಡುತ್ತಿದ್ದರು. ಉಕ್ಕಿನ ಟೇಪೂ ಜೇಬಿನಲ್ಲಿರುತ್ತಿತ್ತು, ಆದರೆ ಉಬ್ಬಿದ ತಗಡಿನ ಮೇಲೆ ಅದು ಸರಿಯಾಗಿ ಕೂರುವುದಿಲ್ಲವೆಂದು ಈ ಬಟ್ಟೆಯದು. ಮೊದಲ ಸಲ ನಮ್ಮ ಮನೆಗೆ ಬಂದವರು ಹೊಸ್ತಿಲಲ್ಲೇ ನಿಂತು ಬಾಗಿಲಿನ ಚೌಕಟ್ಟಿಗೆ ಟೇಪು ಹಿಡಿದರು. "ಮಾಸ್ತರ, ಬಲಗಡಿ ಎರಡು ಸೂತ ಕಡಿಮಿ ಐತ್ರಿ" ಎಂದು ಹೇಳಿ, ಆಮೇಲೆ ಕುಡಿಯಲು ನೀರು ಕೇಳಿದರು. ಸೂತ ಅಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. ಅಷ್ಟು ವರ್ಷ ಆ ಬಾಗಿಲಲ್ಲಿ ನೆಮ್ಮದಿಯಿಂದ ಓಡಾಡಿದ ನನಗೆ ಅಂದಿನಿಂದ ಅದು ಸೊಟ್ಟಗೇ ಕಾಣತೊಡಗಿತು.

ನಾನು ಆಳಂದದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಸಂಜೆ ಶಾಲೆ ಬಿಟ್ಟಮೇಲೆ ಲಾರಿಗಳ ಹಿಂದೆ ಹೆಸರು, ಹೂವು, ಹಂಸ ಬರೆಯಲು ಅವರ ಶೆಡ್ಡಿಗೆ ಹೋಗುತ್ತಿದ್ದೆ. ಹಾಗೆ ಪರಿಚಯ.

ಅವರು ಖಜೂರಿಯ ಹೊಲಮನೆ ಚೆನ್ನಾಗಿದ್ದ ಮನೆತನದವರು. ಅಣ್ಣಂದಿರು ತೊಗರಿ ಬಿತ್ತುತ್ತಿದ್ದರೆ ಇವರು ಮೀಸೆ ಮೂಡುವ ಮೊದಲೇ ಸೋಲಾಪುರಕ್ಕೆ ಹೋಗಿ ಒಬ್ಬ ಉಸ್ತಾದರ ಕೈಕೆಳಗೆ ತಗಡು ಬಡಿಯಲು ಕಲಿತರು. ಗೌಡರ ಮಗ ಡಬ್ಬಿ ಬಡಿಯುತ್ತಾನೆ ಎಂದು ಊರವರು ನಕ್ಕರಂತೆ. "ನಕ್ಕವ್ರ ಟ್ರ್ಯಾಕ್ಟರಿನ ಮಡ್ಗಾರ್ಡ ಎಲ್ಲಾ ನಾನ ಬಡದು ಕೊಟ್ಟೀನ್ರಿ" ಎನ್ನುತ್ತಿದ್ದರು. ಒಮ್ಮೆ ಜೋಳದ ಚೀಲ ಹೇರಿಕೊಂಡು ಹೊರಟಿದ್ದ ಲಾರಿಯನ್ನು ರಸ್ತೆಯ ನಡುವೆ ಅಡ್ಡನಿಂತು ನಿಲ್ಲಿಸಿದರು. ಹಿಂದಿನ ದಿನ ತಾವೇ ಕೂರಿಸಿದ ಹಿಂಬಾಗಿಲು ಒಂದು ಸೂತ ಆಚೀಚೆ ಆಗಿದೆ ಎಂದು ಅವರಿಗೆ ಊಟಕ್ಕೆ ಕೂತಾಗ ನೆನಪಾಗಿತ್ತು. ಮಾಲೀಕ ಕೈಮುಗಿದರೂ ಬಿಡಲಿಲ್ಲ. ಚೀಲಗಳನ್ನೆಲ್ಲ ಇಳಿಸಿ, ಬಾಗಿಲು ಬಿಚ್ಚಿ ಮತ್ತೆ ಕೂರಿಸಿ, ಆಮೇಲೆ ಚೀಲ ಹೇರಲು ತಾವೂ ಹೆಗಲು ಕೊಟ್ಟರು. ಇಂಥವರ ಜೊತೆ ಸಂಸಾರ ಮಾಡುವುದು ಕಷ್ಟ ಎಂದು ಅವರ ಹೆಂಡತಿ ನನ್ನ ಹೆಂಡತಿಯ ಮುಂದೆ ಹೇಳಿದ್ದುಂಟು. ರೊಟ್ಟಿಗೂ ಟೇಪು ಹಿಡಿಯುತ್ತಾರೇನೋ ಎಂದು ಆಕೆಗೆ ಭಯ.

ಸೋಲಾಪುರದ ಅದೇ ಉಸ್ತಾದರ ಬಳಿ ಅವರ ಜೊತೆ ಕಲಿತವರು ಅತನೂರಿನ ಗುರಲಿಂಗಪ್ಪ. ಮೂರು ವರ್ಷ ಇಬ್ಬರೂ ಒಂದೇ ಹಾಸಿಗೆ, ಒಂದೇ ತಟ್ಟೆ. ಆಮೇಲೆ ಗುರಲಿಂಗಪ್ಪ ಅಫಜಲಪುರದಲ್ಲಿ ಶೆಡ್ ಹಾಕಿದರು. ಅವರ ರೀತಿಯೇ ಬೇರೆ. ಟೇಪು ಮುಟ್ಟದ ಮನುಷ್ಯ. ಕಣ್ಣಳತೆ, ಹೆಚ್ಚೆಂದರೆ ಗೇಣು. ಬಾಯಿ ಮಾತ್ರ ದೊಡ್ಡದು. ಮದುಮಗನನ್ನು ಕುದುರೆಯ ಮೇಲೆ ಕೂರಿಸುವುದು ಹಿಂದಾಗಿ ತೆರೆದ ಕಾರಿನ ಮೆರವಣಿಗೆಯ ಹುಚ್ಚು ನಮ್ಮ ಕಡೆ ಹಬ್ಬುತ್ತಿದ್ದ ಕಾಲ. ಗುರಲಿಂಗಪ್ಪ ಒಂದು ಹಳೆಯ ಕಾರಿನ ತಲೆ ಕತ್ತರಿಸಿ, ಬೆಳ್ಳಿ ಬಣ್ಣ ಹೊಡೆದು ಬಾಡಿಗೆಗೆ ಬಿಟ್ಟರು. ಆಳಂದದ ಮದುವೆಗಳಿಗೂ ಅಲ್ಲಿಂದಲೇ ಗಾಡಿ ಬರತೊಡಗಿತು, ಇಬ್ಬರ ನಡುವೆ ಮಾತು ನಿಂತಿತು. ಬ್ಯಾಂಡು ಬಾರಿಸಿಕೊಂಡು ಅದು ಸಿದ್ರಾಮಪ್ಪನವರ ಶೆಡ್ಡಿನ ಮುಂದೆಯೇ ಹಾದುಹೋಗುತ್ತಿತ್ತು. ಆ ದಿನ ಅವರು ಯಾರೊಡನೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ. "ಎಡಗಡಿ ಬಾಗಲಾ ಎಷ್ಟ ಕೆಳಗ ಇಳದೇತಿ ನೋಡ್ರಿ. ಕುರುಡಗೂ ಕಾಣ್ತದ" ಎಂದಷ್ಟೇ ಗೊಣಗುವರು.

ತೊಂಬತ್ತರ ದಶಕ ಇರಬೇಕು. ಮುಂಬಯಿಗೆ ಹೋಗಿಬಂದ ಲಾರಿ ಡ್ರೈವರೊಬ್ಬ ಒಂದು ಇಂಗ್ಲಿಷ್ ಪತ್ರಿಕೆ ತಂದುಕೊಟ್ಟ. ಒಳಗೆ ಅಮೆರಿಕದ ಎರಡು ಮೋಟಾರು ಕಂಪನಿಗಳ ಜಗಳದ ಕತೆ. ಬಹಳ ಹಿಂದೆ ಒಂದು ಕಂಪನಿ ಮುಂದೆ ಉದ್ದ, ಹಿಂದೆ ಮೋಟು ಇರುವ ಸಣ್ಣ ಓಟದ ಕಾರು ಮಾಡಿತ್ತು, ಅದರ ದೊಡ್ಡ ಚಿತ್ರವೂ ಪತ್ರಿಕೆಯಲ್ಲಿತ್ತು. ಅದಕ್ಕೆ ಜನ ಮುಗಿಬಿದ್ದದ್ದು ನೋಡಿ ಇನ್ನೊಂದು ಕಂಪನಿ ಅಂಥದ್ದೇ ಮಾಡಿ ಎದುರು ನಿಂತಿತು. ನಡುವೆ ಹೊಸ ಹೊಸ ರೂಪ ಬಂದುಹೋದವು. ಈಗ ಅಲ್ಲಿಯ ಜನಕ್ಕೆ ಮತ್ತೆ ಹಳೆಯ ರೂಪವೇ ಬೇಕಾಗಿದೆ. ಹೊಸ ಗಾಡಿಗೆ ಹಳೆಯ ಮುಖ ಕೂರಿಸಲು ಇಬ್ಬರಲ್ಲೂ ಪೈಪೋಟಿ. ನಾನು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಸಿದ್ರಾಮಪ್ಪ ಸುತ್ತಿಗೆ ಕೆಳಗಿಟ್ಟು ಕೇಳಿದರು.

"ಕಡೀಕ ಯಾರು ಗೆದ್ರು?"

"ಒಂದು ವರ್ಷ ಇವರು, ಇನ್ನೊಂದು ವರ್ಷ ಅವರು ಅಂತ ಬರೆದಾರ್ರಿ."

"ಮಾತಾಡ್ತಾರೇನ್ರಿ ಇಬ್ರೂ?"

ಅದನ್ನು ಬರೆದಿಲ್ಲ ಎಂದೆ. ಸ್ವಲ್ಪ ಹೊತ್ತು ಚಿತ್ರ ನೋಡಿದರು. "ಇದನ್ನ ದೊಡ್ಡದು ಮಾಡಿ ಬರೀರಿ ಮಾಸ್ತರ. ಗಾಡಿ ಎಷ್ಟು ಇರ್ತದೋ ಅಷ್ಟು. ನಾ ಕಟ್ತೇನಿ."

ನಾನು ಚಿತ್ರದ ಮೇಲೆ ಚೌಕ ಎಳೆದು, ಶೆಡ್ಡಿನ ಗೋಡೆಯ ಮೇಲೆ ದೊಡ್ಡ ಚೌಕ ಎಳೆದು, ಚಕ್ರದ ಅಳತೆ ಹಿಡಿದು ನಾಲ್ಕು ಸಂಜೆ ಕೂತು ಬಿಡಿಸಿದೆ. "ಅಳತಿ ಖರೇ ಐತಲ್ರಿ?" ಎಂದು ಅವರು ಎರಡು ಸಲ ಕೇಳಿದರು. ಚೌಕ ಹಾಕಿ ಬರೆದ ಮೇಲೆ ತಪ್ಪುವ ಮಾತೇ ಇಲ್ಲ ಎಂದು ನಾನು ಮಾಸ್ತರಿಕೆಯ ಠೀವಿಯಲ್ಲೇ ಹೇಳಿದೆ.

ಗಾಡಿ ಹಳೆಯ ಜೀಪಿನ ಚಾಸಿಯ ಮೇಲೆ ಎದ್ದು ನಿಂತಿತು. ಕೆಂಪು ಬಣ್ಣ ಒಣಗಿದ ದಿನ ನಾನು ಹತ್ತು ಹೆಜ್ಜೆ ಹಿಂದೆ ಸರಿದು ಪಕ್ಕದಿಂದ ನೋಡಿದೆ. ಬಾನೆಟ್ಟು ಮುಗಿಯುವುದೇ ಇಲ್ಲ, ಮುಂದೆ ಹೋಗುತ್ತಲೇ ಇದೆ. ಪತ್ರಿಕೆಯಲ್ಲಿದ್ದದ್ದು ಮುಂದಿನ ಮೂಲೆಯಿಂದ ತೆಗೆದ ಫೋಟೋ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಸಣ್ಣದಾಗಿ ಕಾಣುತ್ತದೆ ಎಂದು ಎಂಟನೇ ಇಯತ್ತೆಗೆ ಪ್ರತಿ ವರ್ಷ ಪಾಠ ಹೇಳುವ ನಾನೇ ಅದನ್ನು ಮರೆತು, ಕಂಡದ್ದನ್ನು ಕಂಡಂತೆ ಗೋಡೆಗೇರಿಸಿದ್ದೆ. ಅವರು ನನ್ನ ಗೆರೆಯನ್ನು ಒಂದು ಸೂತ ತಪ್ಪದೆ ತಗಡಿಗೆ ಇಳಿಸಿದ್ದರು. ಆಗಲೇ ಹೇಳಬೇಕಿತ್ತು. ಆದರೆ ಸುತ್ತ ನೆರೆದ ಮಂದಿ ಹೋ ಎನ್ನುತ್ತಿದ್ದರು, ಸಿದ್ರಾಮಪ್ಪನವರ ಮುಖ ನೋಡುವಂತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ.

ಜನಕ್ಕೆ ಹಿಡಿಸಿದ್ದೇ ಆ ಮೂಗು. ಹಿರೋಳ್ಳಿಯಿಂದ ಹಿಡಿದು ಗಡಿಯಾಚೆಯ ಮರಾಠಿ ಊರುಗಳವರೆಗೆ ಮೂಗಿನ ಗಾಡಿ ಎಂದೇ ಹೆಸರಾಯಿತು. ಮುಹೂರ್ತ ತೆಗೆಸುವ ಮೊದಲು ಗಾಡಿ ಯಾವ ದಿನ ಖಾಲಿ ಇದೆ ಎಂದು ಕೇಳಲು ಬರುತ್ತಿದ್ದರು. ಮರುವರ್ಷವೇ ಅಫಜಲಪುರದಲ್ಲಿ ಅಂಥದ್ದೇ ಇನ್ನೊಂದು ಹುಟ್ಟಿತು. ಗುರಲಿಂಗಪ್ಪ ಯಾವುದೋ ಮದುವೆಗೆ ನೆಂಟನಂತೆ ಬಂದು, ಬಾನೆಟ್ಟಿನ ಮೇಲೆ ಕೈಯಾಡಿಸುವ ನೆಪದಲ್ಲಿ ಅಳತೆ ತೆಗೆದುಕೊಂಡು ಹೋಗಿದ್ದರಂತೆ. ಅವರ ಗಾಡಿಯ ಮೂಗು ಇದಕ್ಕಿಂತ ಒಂದು ಗೇಣು ಉದ್ದ. ಸಿದ್ರಾಮಪ್ಪನವರಿಗೆ ಕದ್ದದ್ದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಗೇಣಿನಲ್ಲಿ ಅಳೆದದ್ದಕ್ಕೆ.

ಜೇವರ್ಗಿಯ ಮದುವೆಯೊಂದರಲ್ಲಿ ಎರಡೂ ಗಾಡಿ ಎದುರುಬದುರಾದವು. ಹೆಣ್ಣಿನವರು ಆಳಂದದ್ದನ್ನು ಹೇಳಿದ್ದರು, ಗಂಡಿನವರು ಅಫಜಲಪುರದ್ದನ್ನು, ಒಬ್ಬರಿಗೊಬ್ಬರು ತಿಳಿಸಿರಲಿಲ್ಲ. ನಾನು ಹೆಣ್ಣಿನವರ ಕಡೆ ಊಟಕ್ಕೆ ಹೋದವನು. ಇಕ್ಕಟ್ಟಾದ ಬಜಾರಿನಲ್ಲಿ ಎರಡು ಮೂಗುಗಳ ನಡುವೆ ಒಂದು ಮಾರು ಜಾಗ ಉಳಿದಿತ್ತು. ಬ್ಯಾಂಡು ನಿಂತಿತು. ಎರಡನ್ನೂ ನಡೆಸುತ್ತಿದ್ದವರು ಅವನ್ನು ಕಟ್ಟಿದವರೇ.

"ಹಾದಿ ಬಿಡಲೇ ಗುರಲಿಂಗ."

"ನೀ ಬಿಡಲೇ. ನಂದು ಉದ್ದ ಐತಿ, ಹಿಂದ ಸರ್ಯಾಕ ಆಗಂಗಿಲ್ಲ."

ಜನ ನಕ್ಕರು. ಸಿದ್ರಾಮಪ್ಪ ಸೀಟಿನ ಮೇಲೆ ಎದ್ದು ನಿಂತರು. "ಕೇಳ್ರಿ ಹಿರ್ಯಾರ. ನಂದು ಅಮೆರಿಕದ ಅಸಲಿ ಅಳತಿ. ಇಂವಂದು ಗೇಣಿಂದು. ನನ್ನ ಗಾಡಿ ಅಸಲಿಕಿಂತ ಒಂದು ಸೂತ ಹೆಚ್ಚುಕಡಿಮಿ ಇದ್ರ, ಈ ಮೂಗು ನನ್ನ ಕೈಯಾರ ಕತ್ತರಸ್ತೇನಿ. ಮಂದಿ ಮುಂದ ಹೇಳಾಕತ್ತೇನಿ, ನೆನಪಿಟಗೋರಿ."

ಹಿರಿಯರು ಮದುಮಗನನ್ನು ನಮ್ಮ ಗಾಡಿಗೆ ಹತ್ತಿಸಿದರು. ನಾನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಅವರ ಅಷ್ಟೂ ಮಾತು ನಿಂತದ್ದು ನನ್ನ ತಪ್ಪು ಗೆರೆಯ ಮೇಲೆ, ಮತ್ತು ಅದು ಗೊತ್ತಿದ್ದವನು ನಾನೊಬ್ಬನೇ.

ಎರಡು ವರ್ಷ ಕಳೆದಿರಬೇಕು. ಒಂದು ಭಾನುವಾರ ಬೆಳಿಗ್ಗೆ ಸಿದ್ರಾಮಪ್ಪ ಹೇಳಿಕಳಿಸಿದರು. ಶೆಡ್ಡಿನಲ್ಲಿ ತಿಳಿನೀಲಿ ಬಣ್ಣದ ಹಳೆಯ ಕಾರೊಂದು ನಿಂತಿತ್ತು. ಹೈದರಾಬಾದಿನ ಶ್ರೀಮಂತರೊಬ್ಬರು ಗುಲಬರ್ಗಾ ದರ್ಗಾಕ್ಕೆ ಬಂದವರು ಉಮರ್ಗಾ ಕಡೆ ಹೊರಟಿದ್ದರಂತೆ. ಎತ್ತಿನ ಬಂಡಿಗೆ ತಾಗಿ ಮಡ್ಗಾರ್ಡು ನೆಗ್ಗಿತ್ತು. ಪತ್ರಿಕೆಯಲ್ಲಿದ್ದ ಅದೇ ಕಾರು, ಅಮೆರಿಕದ್ದೇ. ಪಕ್ಕದಲ್ಲಿ ನಮ್ಮ ಕೆಂಪು ಗಾಡಿ. ಎರಡರ ಮುಂದೆಯೂ ನೆಲದ ಮೇಲೆ ಸೀಮೆಸುಣ್ಣದ ಗೆರೆ.

"ಉಳದದ್ದೆಲ್ಲಾ ಬರಾಬರ್ ಐತ್ರಿ ಮಾಸ್ತರ. ಬಾನೆಟ್ಟು ಹದಿನಾಲ್ಕು ಇಂಚು ಹೆಚ್ಚಿಗಿ" ಎಂದರು. "ಮೂರು ಸಲ ಅಳದೆ."

ನಾನು ಎಲ್ಲ ಹೇಳಿಬಿಟ್ಟೆ. ಫೋಟೋ ತೆಗೆದ ಮೂಲೆ, ಎಂಟನೇ ಇಯತ್ತೆಯ ಪಾಠ, ಬಣ್ಣ ಒಣಗಿದ ದಿನವೇ ನನಗೆ ಗೊತ್ತಾದದ್ದು. ಅವರು ತಲೆ ತಗ್ಗಿಸಿ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

"ಆವತ್ತ ಹೇಳಬೇಕಿತ್ರಿ" ಎಂದರು. ಅಷ್ಟೇ.

ನೀಲಿ ಕಾರಿನ ನೆಗ್ಗು ತೆಗೆದು ಕಳಿಸಿಕೊಟ್ಟು ಗರಗಸ ಕೈಗೆತ್ತಿಕೊಂಡರು. ನಾನು ಅಡ್ಡ ಬಂದೆ. ಲಗ್ನದ ಹಂಗಾಮು ಎದುರಿಗಿದೆ, ಆ ಕಾರು ಮತ್ತೆ ಈ ಕಡೆ ಬರುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದೆಲ್ಲ ಹೇಳಿದೆ.

"ಜೇವರ್ಗಿಯೊಳಗ ಹೇಳೀನಲ್ರಿ."

"ಹಾಗಾದರೆ ತಪ್ಪು ನನ್ನದು ಅಂತ ನಾನು ಮಂದಿಗೆ ಹೇಳ್ತೇನ್ರಿ."

"ಬ್ಯಾಡ್ರಿ ಮಾಸ್ತರ. ನೀವು ಸಾಲ್ಯಾಗ ಹುಡುಗ್ರಿಗೆ ಅಳತಿ ಕಲಸಾವ್ರು. ನಿಮ್ಮ ಕೈ ತಪ್ಪೇತಂತ ಗೊತ್ತಾದ್ರ ಪಾಠ ಕೇಳಂಗಿಲ್ಲ ಅವು. ನಂದೇನ್ರಿ, ತಗಡ. ಮತ್ತ ಬಡೀತೇನಿ."

ಬೇಡ ಎಂದರಲ್ಲ ಎಂದು ನಾನು ಸುಮ್ಮನಾದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಸಮಾಧಾನವೂ ಆಯಿತು. ಈಗ ಬರೆಯುವಾಗಲೂ ಅದಕ್ಕೆ ನಾಚಿಕೆಯಾಗುತ್ತದೆ.

ಮೂಗು ಕತ್ತರಿಸಿದ ಗಾಡಿ ಅಮೆರಿಕದ ಕಾರಿನಷ್ಟೇ ಆಯಿತು, ಸೂತವೂ ತಪ್ಪಲಿಲ್ಲ. ಜನ ಅದನ್ನು ಡುಪ್ಲಿಕೇಟ್ ಎಂದರು. ಅಸಲಿ ಬೇಕಾದರೆ ಅಫಜಲಪುರಕ್ಕೆ ಹೋಗಬೇಕು ಎಂಬ ಮಾತು ಹುಟ್ಟಿತು. ಸಿದ್ರಾಮಪ್ಪನ ಅಳತೆ ತಪ್ಪಿತಂತೆ ಎಂದು ಚಹಾದಂಗಡಿಯಲ್ಲಿ ನಗುತ್ತಿದ್ದರು. ಯಾರಾದರೂ ಎದುರಿಗೇ ಕೇಳಿದರೆ "ಹೌದ್ರಿ, ನನ್ನ ಕೈ ತಪ್ಪೇತಿ" ಎಂದು ಕೆಲಸ ಮುಂದುವರಿಸುತ್ತಿದ್ದರು. ಗಾಡಿ ಶೆಡ್ಡಿನ ಹಿಂದೆ ಬೇವಿನ ನೆರಳಿಗೆ ಸೇರಿತು.

ನನ್ನ ಮಗಳ ಮದುವೆ ಬಂತು. ಬೀಗರು ಮೂಗಿನ ಗಾಡಿಯೇ ಬೇಕೆಂದು ಹಟ ಹಿಡಿದರು. ಸಿದ್ರಾಮಪ್ಪನವರ ಗಾಡಿಯೇ ಬರಲಿ ಎಂದು ನಾನು ಪಟ್ಟು ಹಿಡಿದೆ. ಅದೊಂದಾದರೂ ಮಾಡೋಣ ಎಂದು. ಸಿದ್ರಾಮಪ್ಪನವರೇ ಒಪ್ಪಲಿಲ್ಲ. "ಬೀಗರ ಕೂಡ ಇದಕ್ಯಾಕ ಜಗಳ ಮಾಡ್ತೀರಿ? ನಾ ತರ್ತೇನಿ" ಎಂದು ಬಸ್ಸು ಹತ್ತಿ ಅಫಜಲಪುರಕ್ಕೆ ಹೋದರು. ಅಷ್ಟು ವರ್ಷ ಮಾತು ಬಿಟ್ಟಿದ್ದವನ ಶೆಡ್ಡಿಗೆ ಹೋಗಿ ಗಾಡಿ ಕೇಳಿದರು. ಮದುವೆಯ ದಿನ ಗುರಲಿಂಗಪ್ಪ ಗಾಡಿ ನಡೆಸಿಕೊಂಡು ಬಂದರು, ಪಕ್ಕದ ಸೀಟಿನಲ್ಲಿ ಸಿದ್ರಾಮಪ್ಪ ಕೂತಿದ್ದರು. ಬಾಗಿಲು ಸೊಟ್ಟಗಿದೆ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದರಂತೆ.

ಕೆಲವು ವರ್ಷಗಳ ಮೇಲೆ ಕಾಮಾಲೆಯಾಗಿ, ಊರಿನ ಔಷಧ, ಗುಲಬರ್ಗಾದ ಆಸ್ಪತ್ರೆ ಎಲ್ಲ ಮುಗಿದು, ಸಿದ್ರಾಮಪ್ಪ ಖಜೂರಿಯ ಮನೆಯಲ್ಲಿ ತೀರಿಕೊಂಡರು. ಮೂರನೆಯ ದಿನ ಪಡಸಾಲೆಯಲ್ಲಿ ಕೂತಿದ್ದೆವು. ಅವರ ಅಣ್ಣಂದಿರು, ಲಾರಿಯವರು, ಊರ ಹಿರಿಯರು. ಗುರಲಿಂಗಪ್ಪ ಕಂಬಕ್ಕೆ ಒರಗಿದ್ದರು. ಒಬ್ಬೊಬ್ಬರೂ ಒಂದೊಂದು ನೆನಪು ಹೇಳುತ್ತಿದ್ದರು. ಅವರ ಸರದಿ ಬಂದಾಗ ಗುರಲಿಂಗಪ್ಪ, "ಎಲ್ಲಾ ಬರಾಬರ್ ಮಾಡಿದ ಮನಶಾ. ಇಡೀ ಜನ್ಮದಾಗ ಒಂದ ಸಲ ಅಳತಿ ತಪ್ಪಿದ" ಎಂದರು.

ತಲೆಗಳು ಆಡಿದವು. ಯಾರೋ ನಕ್ಕರು, ಪ್ರೀತಿಯಿಂದಲೇ. ನನಗೆ ಕೂತಿರಲು ಆಗಲಿಲ್ಲ. ಎದ್ದು ನಿಂತು, ಅಳತೆ ತಪ್ಪಿದ್ದು ಅವರದಲ್ಲ, ಚಿತ್ರ ಬರೆದ ನನ್ನದು, ಅವರು ನನ್ನ ಹೆಸರು ಹೇಳಲಿಲ್ಲ, ನಾನೂ ಹೇಳಿಕೊಳ್ಳಲಿಲ್ಲ ಎಂದೆ.

ಗುರಲಿಂಗಪ್ಪ ಕಂಬ ಬಿಟ್ಟು ನನ್ನ ಕಡೆ ತಿರುಗಿ ಕೂತರು.

"ಅವಂದಲ್ಲಂತ ನಂಗ ಗೊತ್ತಿತ್ರಿ. ಮೂರು ವರ್ಷ ಅವನ ಬಾಜೂಕ ನಿಂತು ತಗಡ ಬಡದಾವ ನಾ. ಯಾರದಂತ ಗೊತ್ತಿರಲಿಲ್ಲ, ಅದಕ್ಕ ಈಗ ಹಂಗ ಅಂದು ನೋಡಿದೆ. ನಿಮ್ಮ ಮಗಳ ಲಗ್ನಕ್ಕ ಗಾಡಿ ಕೇಳಾಕ ಬಂದಾಗ ಕೇಳಿದೆ. ಖರೇ ಹೇಳಲೇ, ಯಾರ ತಪ್ಪದು ಅಂದೆ. ನನ್ನ ಕೈ ತಪ್ಪೇತಿ ಅಂದ. ಜಬರ್ದಸ್ತಿ ಮಾಡಿದೆ, ಹೇಳಿದ್ರನ ಗಾಡಿ ಕೊಡ್ತೇನಿ ಅಂದೆ. ಹಂಗಾದ್ರ ಬ್ಯಾಡ ಅಂತ ಎದ್ದು ಬಸ್‌ಸ್ಟ್ಯಾಂಡಿಗೆ ಹೊಂಟ. ನಾನ ಹಿಂದ ಓಡಿ ಹೋಗಿ ಕರಕೊಂಡು ಬಂದೆ."

ಸಿದ್ರಾಮಪ್ಪನವರ ಅಣ್ಣಂದಿರಲ್ಲೊಬ್ಬರು ನನ್ನ ಕೈ ಹಿಡಿದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಅಷ್ಟು ಮಂದಿಯ ಮುಂದೆ ಕಡೆಗೂ ಹೇಳಿದ್ದೆ, ಕೇಳಬೇಕಾಗಿದ್ದವರು ಮಣ್ಣಾಗಿ ಮೂರು ದಿನವಾಗಿತ್ತು.